ಮಗಳ ಡೇಟಿಂಗು, ಅಪ್ಪ-ಅಮ್ಮನ ಆತಂಕ: ಹಳೆಯ ಅಮೆರಿಕನ್ ಸಿಟ್‌ಕಾಮ್‌ಗಳನ್ನು ನೋಡಿ ನಾಟಕ ಬರೆಯೋದು ಹೇಗೆ?

ಪ್ರಶ್ನೆ

ಅಮೆರಿಕದ ನಮ್ಮೂರಿನ ಕನ್ನಡ ಕೂಟದ ಯುಗಾದಿ ಕಾರ್ಯಕ್ರಮಕ್ಕೆ 25 ನಿಮಿಷದ ಹಾಸ್ಯನಾಟಕ ಬರೆಯಬೇಕಿದೆ. ಇಲ್ಲೇ ಹುಟ್ಟಿ ಬೆಳೆದ 16 ವರ್ಷದ ಮಗಳು ಪ್ರಾಮ್‌ಗೆ (ಹೈಸ್ಕೂಲಿನ ನೃತ್ಯಕೂಟಕ್ಕೆ) ಒಬ್ಬ ಹುಡುಗನ ಜೊತೆ ಹೋಗುತ್ತೇನೆ ಅನ್ನುತ್ತಾಳೆ, ಅಪ್ಪ-ಅಮ್ಮನಿಗೆ ನಿದ್ದೆ ಹಾರಿಹೋಗುತ್ತದೆ. ಇಷ್ಟೇ ಕಥೆ. ಮಕ್ಕಳು, ಹಿರಿಯರು ಎಲ್ಲ ಒಟ್ಟಿಗೆ ಕೂತು ನೋಡುವ ಸಭೆ. ಹಳೆಯ ಫ್ಯಾಮಿಲಿ ಸಿಟ್‌ಕಾಮ್‌ಗಳು (ಟೀವಿಯ ಹಾಸ್ಯ ಧಾರಾವಾಹಿಗಳು) ಈ ವಿಷಯವನ್ನು ಹೇಗೆ ನಿಭಾಯಿಸುತ್ತಿದ್ದವು, ಯಾವುದನ್ನು ನೋಡಬೇಕು, ಎಲ್ಲಿ ಹಳಿ ತಪ್ಪುತ್ತದೆ ಅಂತ ಬಲ್ಲವರು ದಯವಿಟ್ಟು ಹೇಳಿ. (ಉತ್ತರಿಸಿದವರ ಅಡ್ಡಹೆಸರು ಪ್ರತಿ ಉತ್ತರದ ಮೇಲಿದೆ.)

ಹಳೇ ಆಂಟೆನಾ

ಒಳ್ಳೆಯ ಎಪಿಸೋಡ್‌ಗಳಲ್ಲಿ ಹುಡುಗ-ಹುಡುಗಿ ಹೊರಗೆ ಹೋಗಿ ಏನು ಮಾಡಿದರು ಅನ್ನೋದನ್ನು ತೋರಿಸೋದೇ ಕಡಿಮೆ. ಕ್ಯಾಮೆರಾ ಮನೆಯಲ್ಲೇ ಉಳಿಯುತ್ತದೆ, ಗಡಿಯಾರ ನೋಡುತ್ತಾ ಕೂತವರ ಮೇಲೆ. ಅದನ್ನು ಹಿಡಿದುಕೊಂಡರೆ ನಿಮಗೆ ರೆಸ್ಟೊರೆಂಟ್, ಕಾರು, ಪ್ರಾಮ್ ಹಾಲ್ ಯಾವ ಸೆಟ್ಟೂ ಬೇಡ.

1950ರ ದಶಕದ ‘ಫಾದರ್ ನೋಸ್ ಬೆಸ್ಟ್’ (ಟೀವಿಯಲ್ಲಿ 1954–60), ‘ಲೀವ್ ಇಟ್ ಟು ಬೀವರ್’ (1957–63), ‘ದಿ ಡಾನಾ ರೀಡ್ ಷೋ’ (1958–66) ಈ ಮೂರರಲ್ಲಿ ಡೇಟಿಂಗ್ ಅಂದರೆ ಒಂದು ವಿಧಿ. ಹುಡುಗ ಬಂದು ಬೆಲ್ ಒತ್ತಬೇಕು, ಅಪ್ಪ ಬಾಗಿಲು ತೆಗೆಯಬೇಕು, ಸೋಫಾದಲ್ಲಿ ಕೂರಿಸಿ ಮಾತಾಡಿಸಬೇಕು, ಹುಡುಗಿ ಮೆಟ್ಟಿಲಿಳಿದು ಬರಬೇಕು, ಎಷ್ಟು ಗಂಟೆಗೆ ವಾಪಸ್ ಅಂತ ಮಾತಾಗಬೇಕು. ಬಾಗಿಲು, ಸೋಫಾ, ಮೆಟ್ಟಿಲು ಇಷ್ಟರಲ್ಲೇ ಮೂರು ನಿಮಿಷದ ಸೀನ್ ಸಿದ್ಧ.

‘ಬೀವರ್’ನಲ್ಲಿ ಇನ್ನೊಂದು ಜಾಣತನ ಇದೆ. ಜೋ ಕಾನೆಲಿ, ಬಾಬ್ ಮೋಶರ್ ಇಬ್ಬರೂ ಕಥೆಯನ್ನು ಮಕ್ಕಳ ಕಣ್ಣಿಂದ ಕಟ್ಟಿದರು. ಅಣ್ಣ ವಾಲಿಯ ಹುಡುಗಿ ಸಮಾಚಾರವನ್ನು ಪುಟ್ಟ ತಮ್ಮ ಬೀವರ್ ನೋಡುತ್ತಾನೆ; ಅವನಿಗೆ ಹುಡುಗಿಯರೆಂದರೇ ಆಗದು. ದೊಡ್ಡವರು ಬಾಯಿಬಿಟ್ಟು ಹೇಳಲಾಗದ್ದನ್ನೆಲ್ಲ ಆ ಮಗು ಮುಗ್ಧವಾಗಿ ಕೇಳಿಬಿಡುತ್ತದೆ. ನಿಮ್ಮ ನಾಟಕಕ್ಕೂ ಎಂಟು-ಒಂಬತ್ತು ವರ್ಷದ ತಮ್ಮನೊಬ್ಬ ಇರಲಿ. ಸಭೆಯಲ್ಲಿ ಅಜ್ಜಿ-ತಾತಂದಿರು ಇರುವಾಗ ಅವನಷ್ಟು ಉಪಯೋಗದ ಪಾತ್ರ ಬೇರೆ ಸಿಗೋದಿಲ್ಲ.

ಆದರೆ ಆ ಕಾಲದ ತೀರ್ಪುಗಳನ್ನು ಮಾತ್ರ ತರಬೇಡಿ. ‘ಫಾದರ್ ನೋಸ್ ಬೆಸ್ಟ್’ನ 1956ರ ಒಂದು ಎಪಿಸೋಡ್‌ನಲ್ಲಿ ಮಗಳು ಬೆಟ್ಟಿ ಎಂಜಿನಿಯರ್ ಆಗುತ್ತೇನೆ ಅಂತ ಸರ್ವೇ ಕೆಲಸಕ್ಕೆ ಹೋಗುತ್ತಾಳೆ. ಕೊನೆಗೆ ಅದನ್ನು ಬಿಟ್ಟು, ಚೆಂದದ ಫ್ರಾಕ್ ತೊಟ್ಟು, ಅಲ್ಲಿನ ಮೇಲ್ವಿಚಾರಕ ಹುಡುಗನ ಮುಂದೆ ಬಂದು ಕೂರುತ್ತಾಳೆ. ಇವತ್ತಿನ ಹುಡುಗಿಯರು ಇದನ್ನು ನೋಡಿದರೆ ಸಿಟ್ಟಾಗುತ್ತಾರೆ, ಸಿಟ್ಟಾಗಬೇಕು ಕೂಡ.

ಎರಡನೇ ಅಂಕ

ನಾನು ರಚನೆ ಬಗ್ಗೆ ಹೇಳುತ್ತೇನೆ. ಜಾಹೀರಾತು ಕಳೆದರೆ ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಉಳಿಯುತ್ತಿದ್ದದ್ದು 50ರ ದಶಕದಲ್ಲಿ ಸುಮಾರು 25–26 ನಿಮಿಷ, 90ರ ಹೊತ್ತಿಗೆ ಸುಮಾರು 22. ಮುನ್ನುಡಿಯ ಸೀನ್ ಒಂದೆರಡು ನಿಮಿಷ, ತಲಾ ಹತ್ತು ನಿಮಿಷದ ಎರಡು ಅಂಕ, ಕೊನೆಗೆ ಬಾಲದ ಹಾಗೆ ಅರ್ಧ-ಮುಕ್ಕಾಲು ನಿಮಿಷದ ಪುಟ್ಟ ಸೀನ್. ನಿಮ್ಮ ಅವಧಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ.

ಅಪ್ಪ-ಅಮ್ಮನ ಆತಂಕದ ಕಥೆ ಹೆಚ್ಚುಕಡಿಮೆ ಹೀಗೇ ನಡೆಯುತ್ತದೆ. ಮೊದಲು ಅವರಿಗೆ ಅರ್ಧ ಸುದ್ದಿ ಸಿಗುತ್ತದೆ. ಆಮೇಲೆ ಇಬ್ಬರೂ ಎರಡು ದಿಕ್ಕಿಗೆ ಎಳೆಯುತ್ತಾರೆ. ಒಬ್ಬರು ಹೆದರಿದರೆ ಇನ್ನೊಬ್ಬರು ‘ಬಿಡಿ, ನಮ್ಮ ಮಗಳು ಅಲ್ವಾ’ ಅನ್ನಬೇಕು. ಇಬ್ಬರೂ ಒಂದೇ ರೀತಿ ಹೆದರಿದರೆ ಸೀನ್ ಅಲ್ಲೇ ಕೂತುಬಿಡುತ್ತದೆ. ಮುಂದೆ ಹೆದರಿದವರು ಒಂದು ಕಳ್ಳ ಉಪಾಯ ಮಾಡುತ್ತಾರೆ: ಹಿಂಬಾಲಿಸೋದು, ಹುಡುಗನ ಮನೆಯವರ ಜಾತಕ ಜಾಲಾಡೋದು. ಮಗಳಿಗೆ ಅದು ಗೊತ್ತಾಗುವ ಕ್ಷಣಕ್ಕೇ ಮೊದಲ ಅಂಕದ ತೆರೆ ಬೀಳಬೇಕು. ಈ ಜಾಗ ತಪ್ಪಿದರೆ ಎರಡನೇ ಅಂಕದಲ್ಲಿ ತಳ್ಳಲು ಏನೂ ಉಳಿಯೋದಿಲ್ಲ. ಎರಡನೇ ಅಂಕದಲ್ಲಿ ತಿರುವುಮುರುವು: ಈಗ ಉತ್ತರ ಕೊಡಬೇಕಾದವರು ಅಪ್ಪ-ಅಮ್ಮ. ಕೊನೆಯಲ್ಲಿ ಒಂದು ಸಮಾಧಾನದ ಮಾತುಕತೆ, ಎರಡರಿಂದ ಮೂರು ನಿಮಿಷ. ಅದಕ್ಕಿಂತ ಉದ್ದವಾದರೆ ಭಾಷಣ.

ಆ ಮಾತುಕತೆಯಲ್ಲಿ ಅಪ್ಪ ನಿಯಮ ಹೇಳಬಾರದು, ತನ್ನ ಭಯ ಹೇಳಬೇಕು. ‘ಹತ್ತೂವರೆಗೆ ಮನೇಲಿರಬೇಕು’ ಅನ್ನೋದು ನಿಯಮ. ‘ನೀನು ಬರೋವರೆಗೂ ನಾನು ಗೇಟ್ ಲೈಟ್ ಆರಿಸಲ್ಲ’ ಅಂದರೆ ಭಯ ಕಾಣುತ್ತದೆ, ಹತ್ತೂವರೆಯೂ ಅದರಲ್ಲೇ ಬಂತು.

ಹೆಚ್ಚು ಕೈಕೊಡೋದು ತಪ್ಪು ತಿಳಿವಳಿಕೆಯ ಕಥೆಗಳಲ್ಲಿ. ‘ಒಂದು ಮಾತು ಕೇಳಿದ್ರೆ ಮುಗೀತಿತ್ತಲ್ಲ’ ಅಂತ ಸಭೆಗೆ ಅನಿಸಿತೋ, ನಾಟಕ ಬಿತ್ತು. ಯಾಕೆ ಕೇಳೋದಿಲ್ಲ ಅನ್ನೋದಕ್ಕೆ ಗಟ್ಟಿ ಕಾರಣ ಇಡಿ. ಉದಾಹರಣೆಗೆ, ಸುದ್ದಿ ಸಿಕ್ಕಿದ್ದೇ ಅವಳ ಫೋನ್ ಕದ್ದು ನೋಡಿ. ಬಾಯಿಬಿಟ್ಟರೆ ಕಳ್ಳತನ ಬಯಲು.

ಚಿಕ್ಕಮ್ಮ

ಮೇಲೆ ಹೇಳಿದ್ದೆಲ್ಲ ಸರಿ, ಆದರೆ 50ರ ದಶಕದಲ್ಲೇ ನಿಂತುಬಿಡಬೇಡಿ. ಅಮ್ಮನ ಆತಂಕವನ್ನು ನಿಜವಾಗಿ ಬರೆದದ್ದು ಆಮೇಲಿನವರು.

‘ಒನ್ ಡೇ ಅಟ್ ಎ ಟೈಮ್’ ಡಿಸೆಂಬರ್ 1975ರಲ್ಲಿ ಶುರುವಾಯಿತು. ವಿಚ್ಛೇದನ ಪಡೆದ ಆ್ಯನ್ ರೊಮಾನೊ, ಇಬ್ಬರು ಹದಿಹರೆಯದ ಹೆಣ್ಣುಮಕ್ಕಳು, ಇಂಡಿಯಾನಾಪೊಲಿಸ್‌ನ ಒಂದು ಅಪಾರ್ಟ್‌ಮೆಂಟು. ಮೊದಲ ಎಪಿಸೋಡ್‌ನ ವಿಷಯವೇ ನಿಮ್ಮದು: ದೊಡ್ಡ ಮಗಳು ಜೂಲಿ ಹುಡುಗರೂ ಬರುವ ಕ್ಯಾಂಪಿಂಗ್‌ಗೆ ಹೋಗಬೇಕು, ಅಮ್ಮ ಬೇಡ ಅನ್ನುತ್ತಾಳೆ, ಮಗಳು ‘ಹಾಗಾದ್ರೆ ಅಪ್ಪನ ಹತ್ರ ಹೋಗಿಬಿಡ್ತೀನಿ’ ಅನ್ನುತ್ತಾಳೆ. ಒಬ್ಬಳೇ ನಿರ್ಧರಿಸಬೇಕಾದವಳಿಗೆ ‘ಬೇಡ’ ಅನ್ನೋದು ಎಷ್ಟು ಭಾರ ಅನ್ನೋದು ಅಲ್ಲಿ ಕಾಣುತ್ತದೆ. ಮರುವರ್ಷ ಜೂಲಿ ಬಾಯ್‌ಫ್ರೆಂಡ್ ಜೊತೆ ಮನೆ ಬಿಟ್ಟು ಹೋಗುವ ಕಥೆಯನ್ನು ನಾಲ್ಕು ಕಂತುಗಳಲ್ಲಿ ಹಿಗ್ಗಿಸಿದರು. ಒಂದೇ ಕಂತಿನಲ್ಲಿ ವಾಪಸ್ ಕರೆತಂದಿದ್ದರೆ ಸುಳ್ಳಾಗುತ್ತಿತ್ತು.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮೇಲೆ ನಿಲ್ಲೋದು ‘ರೋಸಾನ್’. 1991ರ ಸೆಪ್ಟೆಂಬರ್‌ನಲ್ಲಿ ಬಂದ ನಾಲ್ಕನೇ ಸೀಸನ್‌ನ ಮೊದಲ ಕಂತು ನೋಡಿ. ಮಗಳು ಬೆಕಿಗೆ ಗರ್ಭನಿರೋಧಕ ಮಾತ್ರೆ ಬೇಕು. ಅವಳು ಮೊದಲು ಹೋಗೋದು ಅಮ್ಮನ ತಂಗಿ ಜ್ಯಾಕಿ ಹತ್ತಿರ. ಎಷ್ಟು ನಿಜ ನೋಡಿ! ನಮ್ಮ ಮನೆಗಳಲ್ಲೂ ಇಂಥ ಮಾತು ಅಮ್ಮನ ಕಿವಿಗೆ ಬೀಳುವ ಮೊದಲು ಚಿಕ್ಕಮ್ಮನ ಕಿವಿಗೆ ಬಿದ್ದಿರುತ್ತದೆ. ಮನಸ್ಸು ಬಿಚ್ಚಿ ಮಾತಾಡುವ ಅಮ್ಮ ಅಂತ ಹೆಸರಾದ ರೋಸಾನ್‌ಗೂ ಸುದ್ದಿ ಸುತ್ತಿ ಬಳಸಿ ಬರುತ್ತದೆ. ನಗುವೂ ನೋವೂ ಎರಡೂ ಹುಟ್ಟೋದು ಅಲ್ಲಿಂದಲೇ. ಮಾತ್ರೆಯ ವಿಷಯ ನಿಮ್ಮ ವೇದಿಕೆಗೆ ಬೇಡ. ಆ ಮೂರು ಹೆಂಗಸರ ಜೋಡಣೆ ಮಾತ್ರ ಎತ್ತಿಕೊಳ್ಳಿ.

1992ರಲ್ಲಿ ಬೆಕಿ ಬಾಯ್‌ಫ್ರೆಂಡ್ ಮಾರ್ಕ್ ಜೊತೆ ಓಡಿಹೋಗಿ ಮದುವೆಯಾಗುತ್ತಾಳೆ. ಅದಕ್ಕೆ ಕೊಟ್ಟ ಕಾರಣ ಗಮನಿಸಿ. ಅಪ್ಪ ಡ್ಯಾನ್‌ನ ಬೈಕ್ ಅಂಗಡಿ ಮುಚ್ಚುತ್ತದೆ, ಅಲ್ಲಿದ್ದ ಮಾರ್ಕ್‌ಗೆ ಕೆಲಸ ಹೋಗುತ್ತದೆ, ಹೊಸ ಕೆಲಸ ಸಿಕ್ಕಿದ್ದು ದೂರದ ಮಿನಿಯಾಪೊಲಿಸ್‌ನಲ್ಲಿ. ಬೆಕಿ ಕೆಟ್ಟವಳೂ ಅಲ್ಲ, ಮಾರ್ಕ್ ಖಳನೂ ಅಲ್ಲ. ಅಪ್ಪನ ಸೋಲೇ ಮಗಳನ್ನು ದೂರ ಮಾಡಿತು ಅನ್ನುವಾಗ ಡ್ಯಾನ್‌ನ ಸಿಟ್ಟಿಗೆ ತೂಕ ಬರುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಇನ್ನೊಂದು ಅನುಮಾನ. ಅಪ್ಪ ಹುಡುಗನನ್ನು ಹೆದರಿಸುವ ಸೀನ್ ಇಡಬೇಕು ಅಂತ ತಂಡದವರು ಒತ್ತಾಯ ಮಾಡುತ್ತಿದ್ದಾರೆ. ಇಡಬಹುದಾ?

ಹಳೇ ಆಂಟೆನಾ

ಒಂದು ನಿಮಿಷ ಇಡಿ, ಅದಕ್ಕಿಂತ ಹೆಚ್ಚು ಬೇಡ. ಈ ಮಾದರಿಯ ಅಪ್ಪನನ್ನೇ ಇಟ್ಟು ಕಟ್ಟಿದ್ದು ‘8 ಸಿಂಪಲ್ ರೂಲ್ಸ್’ (2002–05). ಜಾನ್ ರಿಟರ್ ಮಾಡಿದ ಪಾಲ್‌ನ ಗದರಿಕೆ ಒಂದೆರಡು ಸಲಕ್ಕೆ ಹಳಸುತ್ತಿತ್ತು, ಕೆಳಗೆ ಬೇರೆ ಕಾರಣ ಇರದಿದ್ದರೆ. ಹೆಂಡತಿ ಕೇಟ್ ನರ್ಸ್ ಕೆಲಸಕ್ಕೆ ವಾಪಸ್ ಹೋಗುತ್ತಾಳೆ, ಪತ್ರಕರ್ತ ಗಂಡ ಮನೆಯಿಂದ ಕೆಲಸ ಮಾಡುತ್ತಾ ಮಕ್ಕಳನ್ನು ನೋಡಿಕೊಳ್ಳಬೇಕು. ಇಷ್ಟು ವರ್ಷ ಸರಿಯಾಗಿ ಗಮನಿಸದ ಹೆಣ್ಣುಮಕ್ಕಳು ಏಕಾಏಕಿ ಬೆಳೆದು ಎದುರಿಗೆ ನಿಂತಿದ್ದಾರೆ. ಅವನು ಹೆದರಿಸೋದು ತಾನೇ ಹೆದರಿ.

ಇದಕ್ಕಿಂತ ನಿಮಗೆ ಹೊಂದೋದು ‘ಫ್ಯಾಮಿಲಿ ಟೈಸ್’ (1982–89). ಸ್ಟೀವನ್, ಎಲೀಸ್ ಇಬ್ಬರೂ 60ರ ದಶಕದಲ್ಲಿ ಹಿರಿಯರ ಮಾತು ಮೀರಿ ನಡೆದ ಹಿಪ್ಪಿಗಳು. ಮಗಳು ಮ್ಯಾಲರಿ, ಗುಜರಿ ಸಾಮಾನಿನಲ್ಲಿ ಶಿಲ್ಪ ಮಾಡುವ ನಿಕ್‌ನನ್ನು ಮನೆಗೆ ಕರೆತಂದಾಗ ಅವರ ಉದಾರತೆಗೆಲ್ಲ ಪರೀಕ್ಷೆ. ಅಪ್ಪ ಆಡಲಾರದ ಕಟುಮಾತನ್ನು ಅಣ್ಣ ಅಲೆಕ್ಸ್ ಆಡುತ್ತಾನೆ, ಅಪ್ಪ ಸಭ್ಯನಾಗಿಯೇ ಉಳಿಯುತ್ತಾನೆ. ನಿಮ್ಮ ನಾಟಕದ ಅಪ್ಪ-ಅಮ್ಮ ಊರಲ್ಲಿ ಮನೆಯವರನ್ನು ಎದುರು ಹಾಕಿಕೊಂಡು ಪ್ರೇಮವಿವಾಹ ಆದವರಾಗಿದ್ದರೆ? ಹುಡುಗನನ್ನು ಗದರಿಸಲು ಹೋದ ಅಪ್ಪನಿಗೆ ಊರಿಂದ ಬಂದ ಅಜ್ಜಿ ಒಂದೇ ಮಾತು ಹೇಳಿದರೂ ಸಾಕು.

ಹುಡುಗನಿಗೆ ಮಾತ್ರ ನ್ಯಾಯ ಮಾಡಿ. ಬರೀ ಪೆದ್ದನಾಗಿ ಬರೆದರೆ ಅವನನ್ನು ಆರಿಸಿದ ಮಗಳೂ ಪೆದ್ದಿಯಾಗುತ್ತಾಳೆ. ನಿಕ್ ದಡ್ಡನ ಹಾಗೆ ಕಂಡರೂ ಮ್ಯಾಲರಿ ಮೇಲೆ ಅವನಿಗಿರುವ ಅಕ್ಕರೆ ಸುಳ್ಳಲ್ಲ.

ತಂತಿ ಫೋನು

ಒಂದು ಪ್ರಾಯೋಗಿಕ ವಿಷಯ. ಹಳೆಯ ಕಥೆಗಳಲ್ಲಿ ಅರ್ಧ ಸುದ್ದಿ ಸಿಗುತ್ತಿದ್ದದ್ದು ಹಜಾರದ ಫೋನಿನಿಂದ: ಇಡೀ ಮನೆಗೆ ಒಂದೇ ಲೈನು, ಇನ್ನೊಂದು ಕೋಣೆಯಲ್ಲಿ ರಿಸೀವರ್ ಎತ್ತಿದರೆ ಮಾತೆಲ್ಲ ಕೇಳುತ್ತದೆ. ಈಗ ಅದು ಹೋಯಿತು. ವೇದಿಕೆ ಮೇಲೆ ಫೋನ್ ಪರದೆ ಯಾರಿಗೂ ಕಾಣೋದಿಲ್ಲ, ಹಾಗಾಗಿ ಮೆಸೇಜು ಧ್ವನಿಯಾಗಿ ಹೊರಬರಬೇಕು. ಅಡುಗೆಮನೆಯ ಸ್ಮಾರ್ಟ್ ಸ್ಪೀಕರು ಕುಟುಂಬದ ಕ್ಯಾಲೆಂಡರನ್ನು ಜೋರಾಗಿ ಓದಿಬಿಡಲಿ, ಅಜ್ಜಿ ಅದನ್ನು ಕೇಳಿಸಿಕೊಂಡು ಅರ್ಧಂಬರ್ಧ ಕನ್ನಡ ಮಾಡಿ ಅಮ್ಮನಿಗೆ ಹೇಳಲಿ. ಅರ್ಧ ಸುದ್ದಿ ತಾನಾಗೇ ಹುಟ್ಟುತ್ತದೆ.

ಎರಡನೇ ಅಂಕ

ಚೆನ್ನಾಗಿದೆ! ಆ ಕ್ಯಾಲೆಂಡರಿನ ಮಾತನ್ನೇ ಕೊನೆಗೆ ಇನ್ನೊಬ್ಬರ ಬಾಯಲ್ಲಿ ಬರಿಸಿ. ‘ದಿ ಬ್ರೇಡಿ ಬಂಚ್’ನ 1973ರ ಕಂತೊಂದರಲ್ಲಿ ಹಿರಿಮಗಳು ಮಾರ್ಷಾ ಒಪ್ಪಿಕೊಂಡ ಡೇಟನ್ನು ‘ಇದ್ದಕ್ಕಿದ್ದಂತೆ ಏನೋ ಕೆಲಸ ಬಂತು’ ಅಂತ ಸುಳ್ಳು ಹೇಳಿ ತಪ್ಪಿಸುತ್ತಾಳೆ, ಫುಟ್‌ಬಾಲ್ ತಂಡದ ಹೀರೋ ಜೊತೆ ಹೋಗೋದಕ್ಕೆ. ತಮ್ಮ ಎಸೆದ ಚೆಂಡು ಮೂಗಿಗೆ ಬಡಿದು ಊದಿಕೊಂಡಾಗ ಆ ಹೀರೋ ಅದೇ ಮಾತು ಹೇಳಿ ಅವಳನ್ನು ತಪ್ಪಿಸುತ್ತಾನೆ. ಯಾರೂ ಬುದ್ಧಿವಾದ ಹೇಳಬೇಕಾಗೋದೇ ಇಲ್ಲ.

ತಾಲೀಮಿನ ಲೆಕ್ಕ: ಖಾಲಿ ಕೋಣೆಯಲ್ಲಿ ಗಡಿಯಾರ ಹಿಡಿದು ಓಡಿಸಿದಾಗ ನಾಟಕ 21 ನಿಮಿಷಕ್ಕೆ ಮುಗಿಯಲಿ. ಸಭೆಯ ನಗು ಮೂರು-ನಾಲ್ಕು ನಿಮಿಷ ತಿನ್ನುತ್ತದೆ. ಕತ್ತರಿಸಬೇಕಾಗಿ ಬಂದರೆ ಕೊನೆಯ ಮಾತುಕತೆಯಿಂದಲೇ ಶುರು ಮಾಡಿ, ತಮ್ಮನ ಸಾಲುಗಳನ್ನು ಕೊನೆಯವರೆಗೂ ಮುಟ್ಟಬೇಡಿ. ಬಾಗಿಲನ್ನು ವೇದಿಕೆಯ ಒಂದು ಪಕ್ಕಕ್ಕಿಟ್ಟು, ಸೋಫಾವನ್ನು ಮಧ್ಯಕ್ಕೆ, ಸಭೆಗೆ ಎದುರಾಗಿ ಹಾಕಿ. ಹುಡುಗ ಒಳಗೆ ಬಂದು ಸೋಫಾ ಮುಟ್ಟುವಷ್ಟರಲ್ಲಿ ಆರೇಳು ಹೆಜ್ಜೆಯಾದರೂ ಇರಬೇಕು. ಆ ಹೆಜ್ಜೆಗಳಲ್ಲಿ ಅಪ್ಪ ಅವನ ಶೂ ನೋಡಬೇಕು, ಅಮ್ಮ ಅಪ್ಪನ ಮುಖ ನೋಡಬೇಕು.