ಅಪ್‌ಡೇಟ್: ರಾಣಿಯ ಉಣ್ಣೆ ಕಾಟ ನಿಂತಿತು

ಎಷ್ಟು ಕಿತ್ತರೂ ನಮ್ಮ ನಾಯಿ ರಾಣಿಗೆ ಮತ್ತೆ ಉಣ್ಣೆ ಹತ್ತುತ್ತಿದೆ ಅಂತ ಮೂರು ವಾರದ ಹಿಂದೆ ಕೇಳಿದ್ದೆ. ಬೇವಿನೆಣ್ಣೆ ಹಚ್ಚಿ ನೋಡಿದೆ, ಎರಡೇ ದಿನಕ್ಕೆ ಮತ್ತೆ ಶುರು. "ಮನೆಯನ್ನೂ ನೋಡಿ" ಎಂದವರ ಮಾತೇ ಸರಿಯಾಗಿತ್ತು! ರಾಣಿ ಮಲಗುವ ಮೂಲೆಯ ಗೋಡೆ ಬಿರುಕಿನಲ್ಲಿ ಉಣ್ಣೆ ಮರಿಗಳು ತುಂಬಿದ್ದವು. ಹೆಣ್ಣು ಉಣ್ಣೆ ನಾಯಿಯ ಮೈಮೇಲೆ ಮೊಟ್ಟೆ ಇಡೋದಿಲ್ಲ, ಕೆಳಗಿಳಿದು ಇಂಥ ಸಂದಿಯಲ್ಲಿ ಸಾವಿರಗಟ್ಟಲೆ ಇಡುತ್ತದೆ. ಇದು ನನಗೆ ಗೊತ್ತೇ ಇರಲಿಲ್ಲ. ಬಿರುಕಿಗೆ ಸಿಮೆಂಟ್ ಮೆತ್ತಿಸಿದೆ, ಹಾಸಿಗೆಯನ್ನು ಕುದಿನೀರಲ್ಲಿ ಒಗೆದೆ. ಡಾಕ್ಟರು ತೂಕ ನೋಡಿ ಉಣ್ಣೆ ಕೊಲ್ಲುವ ಅಫೋಕ್ಸೊಲಾನರ್ ಮಾತ್ರೆ ಕೊಟ್ಟರು, ತಿಂಗಳಿಗೊಂದು. ಎರಡನೇ ದಿನವೇ ಉಣ್ಣೆ ಸತ್ತು ಉದುರಿದವು. ನಿಮ್ಮ ನಾಯಿಗೆ ಫಿಟ್ಸ್ ಬಂದಿದ್ದರೆ ಈ ಮಾತ್ರೆಗೆ ಮುಂಚೆ ಡಾಕ್ಟರಿಗೆ ಹೇಳಲೇಬೇಕು. ಉಣ್ಣೆಯಿಂದ ಹರಡುವ ಜ್ವರ ಇದೆಯಾ ಅಂತ ರಕ್ತ ಪರೀಕ್ಷೆಯೂ ಆಯಿತು, ಸದ್ಯ ಏನೂ ಇಲ್ಲ. ಎಲ್ಲರಿಗೂ ಥ್ಯಾಂಕ್ಸ್.