ಪದಚರ್ಚೆ: ‘ರೀಫಂಡ್’ ಎಂದರೆ ಮರುಪಾವತಿಯೇ? ‘ಡಿಮಾಂಡ್’ಗೆ ಏನು? (ಸೋಮವಾರ ಫಲಕ ಅಚ್ಚಿಗೆ)

ಮೈಸೂರಿನಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ನಿವೃತ್ತ ನೌಕರರಿಗೆ ಆದಾಯ ತೆರಿಗೆ ವಿವರ (ರಿಟರ್ನ್) ಸಲ್ಲಿಸಲು ನೆರವಾಗುವ ಕೆಲಸ ನಡೆಸುತ್ತಿದ್ದೇವೆ. ಮೇಜಿನ ಹಿಂದೆ ತೂಗುಹಾಕಲು ಆರಡಿ ಅಗಲದ ಫಲಕ ಬೇಕು. ಬರುವವರು ಮೊಬೈಲಿನಲ್ಲಿರುವ ಇಂಗ್ಲಿಷ್ ಸಂದೇಶವನ್ನು ಮುಂದೆ ಹಿಡಿದು, ‘ಇದು ನನಗೆ ದುಡ್ಡು ಬರುವುದೋ, ನಾನು ಕಟ್ಟಬೇಕಾದದ್ದೋ?’ ಎಂದು ಕೇಳುತ್ತಾರೆ. ಹಾಗಾಗಿ ಈ ಪದಗಳಿಗೆ ಕನ್ನಡ ಬೇಕು: ರೀಫಂಡ್, ರೀಫಂಡ್ ಫೇಲ್ಡ್, ರೀಫಂಡ್ ಅಡ್ಜಸ್ಟೆಡ್, ಔಟ್‌ಸ್ಟ್ಯಾಂಡಿಂಗ್ ಡಿಮಾಂಡ್, ಡಿಫೆಕ್ಟಿವ್ ರಿಟರ್ನ್, ಇ-ವೆರಿಫಿಕೇಶನ್ ಪೆಂಡಿಂಗ್, ಟಿಡಿಎಸ್ (ಮೂಲದಲ್ಲೇ ಮುರಿದ ತೆರಿಗೆ) ಮಿಸ್‌ಮ್ಯಾಚ್.

ಪತ್ರಿಕೆಗಳಂತೆ ನಾನೂ ಮೊದಲು ‘ಮರುಪಾವತಿ’ ಎಂದೇ ಬರೆದಿದ್ದೆ. ನಿವೃತ್ತ ಶಿಕ್ಷಕಿಯೊಬ್ಬರು ಕರಡಿನಲ್ಲಿ ‘ಮರುಪಾವತಿ ಬಾಕಿ ಇದೆ’ ಎಂಬ ಸಾಲನ್ನು ಓದಿ, ‘ನಾನು ಯಾವ ಸಾಲವನ್ನೂ ಮಾಡಿಲ್ಲವಲ್ಲ, ಏನು ಮರುಪಾವತಿ ಮಾಡಲಿ?’ ಎಂದರು. ಸಹಕಾರಿ ಬ್ಯಾಂಕಿನ ನೋಟಿಸು ಓದಿ ಅಭ್ಯಾಸವಾದವರಿಗೆ ಈ ಪದ ಹಾಗೆಯೇ ಕೇಳಿಸುತ್ತದೆ. ಬೇರೆ ಏನಿದೆ? ಸೋಮವಾರ ಬೆಳಿಗ್ಗೆ ಮುದ್ರಕರಿಗೆ ಕೊಡಬೇಕು.

ಶಿವಮೊಗ್ಗದಿಂದ:

ಮರುಪಾವತಿ ಮೊದಲಿನಿಂದಲೂ ಕೆಟ್ಟ ಪದ. ಮರಾಠಿಯ ‘ಪಾವತೀ’ ಎಂದರೆ ರಸೀದಿ. ನಾವು ಅದನ್ನು ತಂದು ಹಣ ಸಲ್ಲಿಸುವುದಕ್ಕೆ ಅಂಟಿಸಿ, ಆಮೇಲೆ ‘ಮರು’ ಸೇರಿಸಿ, ಕೊಡುವವನಾರು ಪಡೆಯುವವನಾರು ಎಂಬುದನ್ನೇ ಅಳಿಸಿಬಿಟ್ಟೆವು.

ಹಣಕಾಸಿಗೆ ಕನ್ನಡದಲ್ಲಿ ಬೇರು ಇಲ್ಲವೆನ್ನುವವರು ‘ತೆರಿಗೆ’ಯನ್ನೇ ನೋಡಲಿ. ಹಳಗನ್ನಡದ ‘ತೆಱು’ ಧಾತು, ‘ತೆತ್ತ’ ಎಂದು ಭೂತಕಾಲ. ತಮಿಳಿನ ಕಪ್ಪವೆಂಬರ್ಥದ ‘ತಿಱೈ’ ಇದರದೇ ಬಳಗ. ಇಂದಿಗೂ ದಂಡ ತೆರುತ್ತೇವೆ, ಬೆಲೆ ತೆರುತ್ತೇವೆ. ಇಷ್ಟು ಗಟ್ಟಿ ಬೇರು ಇರುವಾಗ ರೀಫಂಡ್‌ಗೆ ‘ಹಿಂಗೊಡುಗೆ’ ಎನ್ನಿ, ಡಿಮಾಂಡ್‌ಗೆ ‘ತೆರಬೇಕಾದುದು’ ಎನ್ನಿ, ಡಿಫೆಕ್ಟಿವ್‌ಗೆ ‘ಕೊರೆಯುಳ್ಳ’ ಎನ್ನಿ. ಮುಗಿಯಿತು.

ಮಂಗಳೂರಿನಿಂದ:

‘ಹಿಂಗೊಡುಗೆ’ ಖಂಡಿತ ಬೇಡ. ಕೊಡುಗೆ ಎಂದರೆ ಕೊಡುವವನ ಔದಾರ್ಯ. ಇಲ್ಲಿ ಯಾರೂ ಏನನ್ನೂ ದಾನ ಮಾಡುತ್ತಿಲ್ಲ. ಹೆಚ್ಚುವರಿಯಾಗಿ ಮುರಿದುಕೊಂಡ ತೆರಿಗೆ ಅದರ ಒಡೆಯನಿಗೆ ಹಿಂದಿರುಗುತ್ತಿದೆ. ಅದಕ್ಕೆ ಆದಾಯ ತೆರಿಗೆ ಕಾಯ್ದೆಯ 244ಎ ಸೆಕ್ಷನ್ ಪ್ರಕಾರ ತಿಂಗಳಿಗೆ ಶೇ 0.5ರಂತೆ ಬಡ್ಡಿಯೂ ಇದೆ (ರೀಫಂಡ್ ಮೊತ್ತ ಒಟ್ಟು ತೆರಿಗೆಯ ಶೇ 10ಕ್ಕಿಂತ ಕಡಿಮೆಯಿದ್ದರೆ ಬಡ್ಡಿ ಸಿಗುವುದಿಲ್ಲ, ಬಡ್ಡಿ ಅದು ಸಿಕ್ಕ ವರ್ಷದ ಆದಾಯಕ್ಕೆ ಸೇರುತ್ತದೆ, ಅದನ್ನೂ ಫಲಕದ ಬಳಿ ಹೇಳಿ). ಕೊಡುಗೆಗೆ ಬಡ್ಡಿ ಕೊಡುವವರನ್ನು ನಾನು ಕಂಡಿಲ್ಲ.

ನನ್ನ ಸಲಹೆ ‘ತೆರಿಗೆ ವಾಪಸು’. ಚಿಲ್ಲರೆ ವಾಪಸು, ಠೇವಣಿ ವಾಪಸು ಎಂದು ಎಲ್ಲರೂ ಹೇಳುತ್ತಾರೆ. ಯಾರ ಕೈಯಿಂದ ಯಾರ ಕೈಗೆ ಎಂಬ ಅನುಮಾನ ಹುಟ್ಟುವುದಿಲ್ಲ.

ನನಗೆ ಹೆಚ್ಚು ಚಿಂತೆ ‘ರೀಫಂಡ್ ಫೇಲ್ಡ್’ ಬಗ್ಗೆ. ಅದಕ್ಕೆ ‘ತಿರಸ್ಕೃತ’ ಎಂದು ಬರೆದದ್ದನ್ನು ನೋಡಿದ್ದೇನೆ, ಅದು ಘೋರ ತಪ್ಪು. ತಿರಸ್ಕೃತ ಎಂದರೆ ನಿಮ್ಮ ಹಕ್ಕನ್ನೇ ಒಪ್ಪಲಿಲ್ಲ ಎಂದಾಯಿತು. ನಡೆದದ್ದು ಬೇರೆ: ಇಲಾಖೆ ಹಣ ಕಳಿಸಿದೆ, ಖಾತೆಗೆ ಅದು ಸೇರಿಲ್ಲ, ಅಷ್ಟೆ. ನಮ್ಮ ಅವಿಭಜಿತ ಜಿಲ್ಲೆಯಲ್ಲಿ ಹುಟ್ಟಿದ ಬ್ಯಾಂಕುಗಳನ್ನೇ ನೋಡಿ. ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾದೊಳಗೆ, ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ ಸೇರಿದವು. ನಿಮ್ಮ ಕಡೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲೇ ಹೋಯಿತು. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಹಳೆಯ ಐಎಫ್‌ಎಸ್‌ಸಿ ಸಂಖ್ಯೆಯೇ ಇರುತ್ತದೆ, ಹಿರಿಯರು ಅದನ್ನೇ ನೋಡಿ ತುಂಬುತ್ತಾರೆ. ಕೆಲವರದು ಪ್ಯಾನ್‌ನಲ್ಲಿ ಪೂರ್ತಿ ಹೆಸರು, ಖಾತೆಯಲ್ಲಿ ಬರೀ ಇನಿಶಿಯಲ್. ಹೊಸ ಸಂಖ್ಯೆ ಹಾಕಿ ಖಾತೆಯನ್ನು ಪೋರ್ಟಲಿನಲ್ಲಿ ಮತ್ತೆ ದೃಢಪಡಿಸಿ, ಮರುರವಾನೆಗೆ ಕೋರಿಕೆ ಸಲ್ಲಿಸಿದರೆ ಹಣ ಬರುತ್ತದೆ. ಫಲಕದಲ್ಲಿ ‘ಹಣ ಖಾತೆಗೆ ಸೇರಲಿಲ್ಲ’ ಎಂದೇ ಬರೆಯಿರಿ.

ಧಾರವಾಡದಿಂದ:

ಇಷ್ಟೊಂದು ಒದ್ದಾಟ ಯಾಕೆಂದು ತಿಳಿಯುತ್ತಿಲ್ಲ. ನಮ್ಮ ಭಾಗದ ದಫ್ತರಗಳಲ್ಲಿ ಇವಕ್ಕೆಲ್ಲ ಪದಗಳಿವೆ. ಡಿಮಾಂಡ್‌ಗೆ ‘ತಗಾದೆ’. ಅಡ್ಜಸ್ಟ್ ಮಾಡಿ ಕಳೆಯುವುದಕ್ಕೆ ‘ವಜಾ’. ‘ಹಳೆಯ ತಗಾದೆಗೆ ವಾಪಸು ಮೊತ್ತ ವಜಾ’, ನಾಲ್ಕೈದು ಪದಗಳಲ್ಲಿ ಇಡೀ ಸಂದೇಶ ಬಂತು. ಇದಕ್ಕಿಂತ ಚಿಕ್ಕದಾಗಿ ಹೇಳಿ ತೋರಿಸಿ.

ಮೈಸೂರಿನಿಂದ:

ಚಿಕ್ಕದು ನಿಜ, ಆದರೆ ಇಲ್ಲಿ ನಡೆಯುವುದಿಲ್ಲ. ನಮ್ಮ ಕಡೆ ‘ತಗಾದೆ ತೆಗೆದ’ ಎಂದರೆ ತಕರಾರು ಎಬ್ಬಿಸಿದ ಎಂದರ್ಥ. ‘ವಜಾ’ ಎಂದರೆ ಅರ್ಜಿ ವಜಾ ಆಯಿತು, ಕೆಲಸದಿಂದ ವಜಾ ಮಾಡಿದರು. ‘ನಿಮ್ಮ ರೀಫಂಡ್ ವಜಾ’ ಎಂದು ಓದಿದವರು ಎಲ್ಲ ಮುಗಿಯಿತೆಂದು ಮನೆಗೆ ಹೋಗುತ್ತಾರೆ. ಆದರೆ ರೀಫಂಡನ್ನು ಹಳೆಯ ಬಾಕಿಗೆ ಮುರಿದುಕೊಳ್ಳುವ ಬಗ್ಗೆ ಬರುವ 245ನೇ ಸೆಕ್ಷನ್ನಿನ ನೋಟಿಸು ತೀರ್ಪಲ್ಲ, ಪ್ರಸ್ತಾವ. ಹಳೆಯ ಬಾಕಿ ನಿಜವಲ್ಲವೆನಿಸಿದರೆ 21 ದಿನದೊಳಗೆ ಒಪ್ಪಿಗೆಯಿಲ್ಲವೆಂದು ಕಾರಣ ಸಹಿತ ಉತ್ತರಿಸಬಹುದು. ಮಾತಾಡದೆ ಕುಳಿತರೆ ಹಣ ಅತ್ತ ಹೋಗುತ್ತದೆ. ಹಿಂದೆ ಕಟ್ಟಿದ ತೆರಿಗೆಯ ಚಲನ್‌ನಲ್ಲಿ ವರ್ಷ ತಪ್ಪಾಗಿ ಬಿದ್ದು ಹುಟ್ಟಿಕೊಂಡ ಬಾಕಿಗಳೇ ನಮ್ಮ ಮೇಜಿಗೆ ಸಾಕಷ್ಟು ಬರುತ್ತಿವೆ.

ಶಿವಮೊಗ್ಗದಿಂದ:

ನೋಡಿ, ಇದನ್ನೇ ನಾನು ಹೇಳುವುದು. ವಾಪಸು ಪಾರಸಿ, ಬಾಕಿ ಅರಬ್ಬಿ, ವಜಾ ಅರಬ್ಬಿ, ತಗಾದೆ ಅರಬ್ಬಿ. ಬೇರೆ ನುಡಿಯ ಪದ ಒಂದು ಊರಲ್ಲಿ ಒಂದರ್ಥಕ್ಕೆ, ಇನ್ನೊಂದು ಊರಲ್ಲಿ ಇನ್ನೊಂದರ್ಥಕ್ಕೆ ತಿರುಗುತ್ತದೆ, ಏಕೆಂದರೆ ಅದರ ಬೇರು ಇಲ್ಲಿಲ್ಲ. ‘ತೆರಬೇಕಾದುದು’ ಎಂಬುದನ್ನು ಬೀದರಿನವರೂ ಚಾಮರಾಜನಗರದವರೂ ಒಂದೇ ರೀತಿ ಓದುತ್ತಾರೆ. ಹಿಂಗೊಡುಗೆ ಬೇಡವಾದರೆ ‘ಮರಳಿಕೆ’ ಎನ್ನಿ.

ಧಾರವಾಡದಿಂದ:

ಬೇರು ಇಲ್ಲಿಲ್ಲವೇ? ಬಾಕಿ, ವಸೂಲಿ, ಜಮೆ, ಖರ್ಚು, ರಸೀದಿ, ಕಚೇರಿ ಇವನ್ನೆಲ್ಲ ತೆಗೆದುಹಾಕಿ ಒಂದು ಗ್ರಾಮ ಪಂಚಾಯಿತಿಯ ವಹಿ ಬರೆದು ತೋರಿಸಿ. ಅಲ್ಲಿ ಇಂದಿಗೂ ಇರುವುದು ಬೇಡಿಕೆ, ವಸೂಲಿ, ಬಾಕಿ ಎಂಬ ಮೂರು ಅಂಕಣ. ರೈತ ತನ್ನ ಕಂದಾಯದ ರಸೀದಿಯನ್ನು ಈ ಪದಗಳಲ್ಲೇ ಓದಿ ತಲೆಮಾರುಗಳಾದವು. ಹುಟ್ಟಿದೂರು ಕೇಳಿ ಪದವನ್ನು ಹೊರಗೆ ನಿಲ್ಲಿಸುವ ಕ್ರಮವನ್ನು ನಾನು ಒಪ್ಪುವುದಿಲ್ಲ. ಊರೂರಿಗೆ ಅರ್ಥ ಬದಲಾಗುವುದು ಅಚ್ಚಗನ್ನಡ ಪದಗಳಲ್ಲಿಯೂ ಇದೆ. ‘ಮರಳಿಕೆ’ ಎಂದು ಫಲಕದಲ್ಲಿ ಬರೆದರೆ ಅದು ಹಣದ ಮಾತೆಂದು ತಿಳಿಯಲು ಪಕ್ಕದಲ್ಲೊಬ್ಬ ವ್ಯಾಖ್ಯಾನಕಾರ ನಿಲ್ಲಬೇಕು.

‘ತಗಾದೆ’ ಮೈಸೂರಿನವರಿಗೆ ಬೇಡವಾದರೆ ಬಿಡಿ. ಆದರೆ ಡಿಮಾಂಡ್‌ಗೆ ಬರೀ ‘ಬೇಡಿಕೆ’ ಎಂದು ಹಾಕಬೇಡಿ. ಪಂಚಾಯಿತಿಯ ಅಂಕಣದಲ್ಲಿ ಅದು ಸರಿ. ಫಲಕದಲ್ಲಿ ‘ನಿಮ್ಮ ಬೇಡಿಕೆ ಬಾಕಿ ಇದೆ’ ಎಂದರೆ ಪಿಂಚಣಿದಾರರು ತಾವು ಸರ್ಕಾರವನ್ನು ಕೇಳಿದ್ದು ಇನ್ನೂ ಈಡೇರಿಲ್ಲ ಎಂದುಕೊಳ್ಳುತ್ತಾರೆ. ಅರ್ಥ ಪೂರ್ತಿ ತಲೆಕೆಳಗು.

ಬೆಂಗಳೂರಿನಿಂದ:

ಇಬ್ಬರೂ ಬೇರಿನ ಬಗ್ಗೆ ವಾದಿಸುತ್ತಿದ್ದೀರಿ. ಫಲಕ ಕೇಳುವುದು ಬೇರಿನದಲ್ಲ, ಕರ್ತೃವಿನ ಪ್ರಶ್ನೆ. ಈಗ ಕೆಲಸ ಮಾಡಬೇಕಾದವರು ಯಾರು, ಇಲಾಖೆಯೋ ತೆರಿಗೆದಾರನೋ? ಅದು ಸಾಲಿನಲ್ಲಿ ಕಾಣದಿದ್ದರೆ ಯಾವ ಪದ ಹಾಕಿದರೂ ವ್ಯರ್ಥ.

ಇ-ವೆರಿಫಿಕೇಶನ್ ಪೆಂಡಿಂಗ್ ಎಂಬುದನ್ನು ಬಹಳ ಕಡೆ ‘ಇ-ಪರಿಶೀಲನೆ ಬಾಕಿ’ ಎಂದು ಬರೆಯುತ್ತಾರೆ. ಅದನ್ನು ಓದಿದವನು ಇಲಾಖೆ ಪರಿಶೀಲಿಸಲಿ ಎಂದು ಕಾಯುತ್ತಾನೆ. ವಾಸ್ತವದಲ್ಲಿ ದೃಢಪಡಿಸಬೇಕಾದವನು ಅವನೇ: ಆಧಾರ್ ಒಟಿಪಿ ಮೂಲಕವೋ, ಬ್ಯಾಂಕ್ ಖಾತೆಯ ಮೂಲಕವೋ, ಅಥವಾ ಐಟಿಆರ್-ವಿ (ಸಲ್ಲಿಕೆಯ ಸ್ವೀಕೃತಿ) ಹಾಳೆಗೆ ಸಹಿ ಮಾಡಿ ಇಲಾಖೆಯ ಬೆಂಗಳೂರು 560500 ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿಯೋ. ವಿವರ ಸಲ್ಲಿಸಿದ ದಿನದಿಂದ 30 ದಿನ ಅವಕಾಶ. 2022ರ ಆಗಸ್ಟ್‌ಗಿಂತ ಮುಂಚೆ 120 ದಿನ ಇತ್ತು. ಹಿರಿಯರಿಗೆ ನೆನಪಿರುವುದು ಆ 120. ತಡವಾದರೆ ದೃಢಪಡಿಸಿದ ದಿನವನ್ನೇ ಸಲ್ಲಿಕೆಯ ದಿನವೆಂದು ಲೆಕ್ಕ ಹಾಕುತ್ತಾರೆ, ವಿಳಂಬ ಶುಲ್ಕ ಬೀಳಬಹುದು. ಒಂದು ತಪ್ಪು ಭಾಷಾಂತರದಿಂದ ಒಬ್ಬರ ತಿಂಗಳ ಔಷಧಿಯ ಖರ್ಚು ಹೋಗುತ್ತದೆ. ದಯವಿಟ್ಟು ‘ನೀವು ಇನ್ನೂ ದೃಢಪಡಿಸಿಲ್ಲ’ ಎಂದೇ ಬರೆಯಿರಿ.

ಮಿಸ್‌ಮ್ಯಾಚ್‌ಗೆ ‘ಅಸಾಮರಸ್ಯ’, ‘ಹೊಂದಾಣಿಕೆಯ ಕೊರತೆ’ ಎಂದೆಲ್ಲ ಹೋಗಬೇಡಿ, ಅವು ಗಂಡ ಹೆಂಡಿರ ಜಗಳಕ್ಕೆ ಸರಿ. ‘ಮುರಿದ ತೆರಿಗೆ ತಾಳೆಯಾಗುತ್ತಿಲ್ಲ’ ಸಾಕು. ಇದೂ ಕರ್ತೃವಿನ ಪ್ರಶ್ನೆಯೇ. ತೆರಿಗೆ ಮುರಿದವರು ಕೊಡುವ ಫಾರಂ 16ರಲ್ಲಿ ಇದ್ದು ಇಲಾಖೆಯ ದಾಖಲೆಯಾದ 26ಎಎಸ್‌ನಲ್ಲಿ ಇಲ್ಲದಿದ್ದರೆ, ತೆರಿಗೆ ಮುರಿದವರು ತಮ್ಮ ತ್ರೈಮಾಸಿಕ ಲೆಕ್ಕವನ್ನು ಸರಿಪಡಿಸಬೇಕು. ಪಿಂಚಣಿದಾರ ತನ್ನ ವಿವರವನ್ನು ಎಷ್ಟು ಸಲ ತಿದ್ದಿದರೂ ಪ್ರಯೋಜನವಿಲ್ಲ.

‘ತಿದ್ದುಪಡಿ’ಯನ್ನೂ ಎಚ್ಚರದಿಂದ ಬಳಸಿ. ನಾವು ಸಲ್ಲಿಸಿದ್ದರಲ್ಲಿ ತಪ್ಪಿದ್ದರೆ ಪರಿಷ್ಕೃತ ವಿವರ. ಇಲಾಖೆ ಕಳಿಸುವ 143(1)ರ ಲೆಕ್ಕದಲ್ಲಿ ಕಣ್ಣಿಗೆ ಕಾಣುವ ತಪ್ಪಿದ್ದರೆ 154ನೇ ಸೆಕ್ಷನ್ ಕೆಳಗೆ ತಿದ್ದುಪಡಿ ಕೋರಿಕೆ. ಎರಡಕ್ಕೂ ಒಂದೇ ಪದ ಹಾಕಿದರೆ ಜನ ತಪ್ಪು ಗುಂಡಿ ಒತ್ತುತ್ತಾರೆ.

ಇನ್ನೊಂದು, ಯಾರೂ ಎತ್ತದ್ದು. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಅದರಲ್ಲಿ ‘ಕರನಿರ್ಧಾರಣಾ ವರ್ಷ’ ಹೋಗಿ ‘ತೆರಿಗೆ ವರ್ಷ’ ಬಂದಿದೆ. 2025-26ರಲ್ಲಿ ಗಳಿಸಿದ್ದಕ್ಕೆ ಹಳೆಯ ಕಾಯ್ದೆಯಂತೆ ಕರನಿರ್ಧಾರಣಾ ವರ್ಷ 2026-27. 2026-27ರಲ್ಲಿ ಗಳಿಸಿದ್ದಕ್ಕೆ ತೆರಿಗೆ ವರ್ಷ 2026-27. ಅಂಕಿ ಒಂದೇ, ಆದಾಯ ಬೇರೆ ಬೇರೆ. ಚಲನ್‌ನಲ್ಲಿ ವರ್ಷ ತಪ್ಪಿ ಬಾಕಿ ಹುಟ್ಟುವುದನ್ನು ಮೈಸೂರಿನವರು ಹೇಳಿದರಲ್ಲ, ಇನ್ನು ಮುಂದೆ ಅದು ಹೆಚ್ಚುತ್ತದೆ. ಎರಡು ಪಾರಿಭಾಷಿಕಗಳನ್ನೂ ಬದಿಗಿಟ್ಟು ‘ಯಾವ ವರ್ಷ ಗಳಿಸಿದ ಆದಾಯ?’ ಎಂದು ಕೇಳಿ.

ಶಿವಮೊಗ್ಗದಿಂದ:

ಕರ್ತೃ ಸ್ಪಷ್ಟವಾಗಲಿ ಎಂಬುದಕ್ಕೆ ನನ್ನ ತಕರಾರಿಲ್ಲ. ಆದರೆ ಪ್ರತಿ ಪದಕ್ಕೂ ಒಂದು ವಾಕ್ಯ ಬರೆಯುತ್ತಾ ಹೋದರೆ ನುಡಿಗೆ ಪಾರಿಭಾಷಿಕ ಪದ ಎಂದೂ ಹುಟ್ಟುವುದಿಲ್ಲ. ಕಾಯ್ದೆಯ ಕನ್ನಡ ಅನುವಾದಕ್ಕೆ ಕುಳಿತವನು ‘ಹಣ ಖಾತೆಗೆ ಸೇರಲಿಲ್ಲ’ ಎಂದು ತಲೆಬರಹ ಕೊಡಲಾಗುವುದಿಲ್ಲ. ಅವನಿಗೆ ನಾಮಪದ ಬೇಕು.

ಬೆಂಗಳೂರಿನಿಂದ:

ಅನುವಾದಕನಿಗೆ ಬೇಕು, ಒಪ್ಪಿದೆ. ಅವನಿಗಾಗಿ ಬೇರೆ ಎಳೆ ತೆರೆಯಿರಿ. ಇಲ್ಲಿ ಕೇಳಿದ್ದು ಫಲಕಕ್ಕೆ.

ಮೈಸೂರಿನಿಂದ:

ಎಲ್ಲರಿಗೂ ಧನ್ಯವಾದ. ಇಂದು ಸಂಜೆ ಅಂತಿಮಗೊಳಿಸಿದ್ದು ಹೀಗಿದೆ. ದೊಡ್ಡ ಅಕ್ಷರದಲ್ಲಿ ‘ನಿಮ್ಮ ತೆರಿಗೆ ವಾಪಸು (ರೀಫಂಡ್) ಬಂದಿಲ್ಲವೇ?’ ಕಂಸದಲ್ಲಿ ರೀಫಂಡ್ ಉಳಿಸಿಕೊಂಡಿದ್ದೇನೆ, ಮೊಬೈಲಿನಲ್ಲಿ ಅವರು ಕಾಣುವುದು ಅದನ್ನೇ. ಕೆಳಗೆ: ‘ನೀವು ಇನ್ನೂ ದೃಢಪಡಿಸಿಲ್ಲ: 30 ದಿನದೊಳಗೆ ಮಾಡಿ.’ ‘ವಿವರದಲ್ಲಿ ಲೋಪವಿದೆ: 15 ದಿನದೊಳಗೆ ಸರಿಪಡಿಸಿ.’ ‘ಹಳೆಯ ತೆರಿಗೆ ಬಾಕಿಗೆ ಮುರಿದುಕೊಳ್ಳಲಿದ್ದಾರೆ: ಒಪ್ಪದಿದ್ದರೆ 21 ದಿನದೊಳಗೆ ಉತ್ತರಿಸಿ.’ ‘ಹಣ ಖಾತೆಗೆ ಸೇರಲಿಲ್ಲ: ಪಾಸ್‌ಬುಕ್ ತನ್ನಿ.’ ‘ಮುರಿದ ತೆರಿಗೆ ತಾಳೆಯಾಗುತ್ತಿಲ್ಲ: ಮುರಿದವರನ್ನು ಕೇಳಿ.’ ‘ಪ್ಯಾನ್‌ಗೆ ಆಧಾರ್ ಜೋಡಿಸಿಲ್ಲ: ಜೋಡಿಸುವವರೆಗೆ ವಾಪಸು ಬರುವುದಿಲ್ಲ.’

‘ಕೊರೆ’ಯನ್ನು ಕೈಬಿಟ್ಟದ್ದಕ್ಕೆ ಶಿವಮೊಗ್ಗದವರು ಬೇಸರಿಸಬಾರದು. ‘ಮುರಿದುಕೊಳ್ಳು’ ಅಚ್ಚಗನ್ನಡವೇ, ಅದು ಎರಡು ಸಾಲುಗಳಲ್ಲಿದೆ.

ಮಂಗಳೂರಿನಿಂದ:

ಅಚ್ಚಿಗೆ ಹೋಗುವ ಮುನ್ನ ಒಂದು ಸೇರಿಸಿ. ಲೋಪದ 15 ದಿನವನ್ನು ಎಣಿಸಬೇಕಾದದ್ದು ನೋಟಿಸಿನ ಮೇಲಿರುವ ತಾರೀಖಿನಿಂದ. ಮಗನೋ ಸೊಸೆಯೋ ಇಮೇಲ್ ತೆರೆದು ತೋರಿಸಿದ ದಿನದಿಂದ ಎಣಿಸುತ್ತಾರೆ, ಅಷ್ಟರಲ್ಲಿ ವಾರ ಕಳೆದಿರುತ್ತದೆ. ‘ನೋಟಿಸಿನ ತಾರೀಖಿನಿಂದ’ ಎಂಬ ಎರಡು ಪದಕ್ಕೆ ಆರಡಿಯಲ್ಲಿ ಜಾಗ ಮಾಡಿ.