ಪದಚರ್ಚೆ: ಕಾಲಿನ ನೇರಳೆ ಗೆರೆಗೆ ‘ಜೇಡನಾಳ’ ಸರಿಯೇ?

ಕಾರವಾರದಿಂದ ಪ್ರಶ್ನೆ:
ಪೇಟೆಯಲ್ಲಿ ದಿನವಿಡೀ ಮೀನು ಮಾರುವ ಹೆಂಗಸರಿಗಾಗಿ ಕಾಲಿನ ಆರೋಗ್ಯದ ಕರಪತ್ರವೊಂದು ಸಿದ್ಧವಾಗುತ್ತಿದೆ. ‘ಸ್ಪೈಡರ್ ವೇನ್ಸ್’ (ಚರ್ಮದಡಿ ಜೇಡರಬಲೆಯಂತೆ ಕಾಣುವ ಸಣ್ಣ ರಕ್ತನಾಳಗಳ ಗೆರೆ) ಎಂಬುದಕ್ಕೆ ಕರಡಿನಲ್ಲಿ ಒಂದು ಕಡೆ ‘ಜೇಡನಾಳ’, ಇನ್ನೊಂದು ಕಡೆ ‘ನರ ಉಬ್ಬುವುದು’ ಎಂದಿದೆ. ಯಾವುದನ್ನು ಉಳಿಸಬೇಕು? ತಿಳಿದವರು ಹೇಳಿ.

ಶಿರಸಿಯಿಂದ ಉತ್ತರ:
ಎರಡೂ ಬೇಡ. ಜೇಡ ಮೈಮೇಲೆ ಹರಿದರೆ ಗುಳ್ಳೆ ಏಳುತ್ತದೆಂಬ ನಂಬಿಕೆ ನಮ್ಮಲ್ಲಿದೆ. ‘ಜೇಡನಾಳ’ ಎಂದು ಓದಿದವರು ಇದೂ ಅದೇ ಎಂದುಕೊಂಡು ಅರಿಶಿನ ಹಚ್ಚಿ ಕೂತಾರು. ಮೂಲದಲ್ಲಿರುವುದು ಬರೀ ಆಕಾರದ ಹೋಲಿಕೆ. ಜರ್ಮನರ ಕಣ್ಣಿಗೆ ಅದೇ ಗೆರೆಗಳು ಪೊರಕೆಯ ಕಡ್ಡಿಗಳಂತೆ ಕಂಡಿವೆ, ಹೆಸರೂ ಹಾಗೇ ಇದೆ. ಇನ್ನೊಂದು ತೊಡಕು: ವೈದ್ಯರು ಜೇಡದ ಹೆಸರಿಟ್ಟ ಬೇರೆ ಗುರುತೇ ಉಂಟು. ಮುಖ, ಎದೆಯ ಮೇಲೆ ಕೆಂಪು ಚುಕ್ಕಿ, ಸುತ್ತ ಜೇಡನ ಕಾಲುಗಳಂಥ ಗೆರೆಗಳು. ಚುಕ್ಕಿ ಒತ್ತಿದರೆ ಎಲ್ಲ ಬಿಳಚಿ, ಬಿಟ್ಟರೆ ನಡುವಿನಿಂದ ಹೊರಕ್ಕೆ ತುಂಬುತ್ತದೆ. ಅದಕ್ಕೆ ರಕ್ತ ಬರುವುದು ಕಿರುಧಮನಿಯಿಂದ (ಧಮನಿ ಎಂದರೆ ಹೃದಯದಿಂದ ರಕ್ತ ತರುವ ನಾಳ). ಬಸಿರಲ್ಲೂ ಕಾಣಿಸುತ್ತದೆ, ಹಲವು ಎದ್ದರೆ ಯಕೃತ್ತನ್ನು ಪರೀಕ್ಷಿಸಬೇಕು. ಎರಡಕ್ಕೂ ಒಂದೇ ಪದ ಬಿದ್ದರೆ ಗೊಂದಲ.

‘ನರ’ದ ಕಥೆ ಬೇರೆ. ‘ಕೈಯ ನರಕ್ಕೆ ಸೂಜಿ ಚುಚ್ಚಿದರು’ ಎನ್ನುವಾಗ ಅದು ರಕ್ತನಾಳ. ‘ನರದೌರ್ಬಲ್ಯ’ ಎನ್ನುವಾಗ ಅಲ್ಲ. ಮಾತಿನಲ್ಲಿ ನಡೆಯುತ್ತದೆ, ಕರಪತ್ರದಲ್ಲಿ ಬಂದರೆ ಓದಿದವರು ನರರೋಗ ತಜ್ಞರ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ಶಾಲೆಯ ‘ಅಪಧಮನಿ’, ‘ಅಭಿಧಮನಿ’ ಯಾವುದು ಯಾವುದೆಂದು ಪರೀಕ್ಷೆ ಮುಗಿದ ಮರುದಿನವೇ ಮರೆತುಹೋಗುತ್ತದೆ. ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳಕ್ಕೆ ‘ಸಿರೆ’ ಒಳ್ಳೆಯದು. ಕೊಂಕಣಿ ಮನೆಮಾತಿನವರಿಗೆ ‘ಶೀರ’ ಗೊತ್ತೇ ಇದೆ.

ವೈದ್ಯರು ಅಗಲ ನೋಡಿ ಮೂರು ಬಗೆ ಮಾಡುತ್ತಾರೆ, ನಾವೂ ಮೂರು ಪದ ಇಟ್ಟುಕೊಳ್ಳೋಣ. 1 ಮಿ.ಮೀ.ಗಿಂತ ಸಣ್ಣ ಕೆಂಪು, ನೇರಳೆ ಗೆರೆ ‘ನೂಲುಸಿರೆ’. (‘ಎಳೆಸಿರೆ’ ಎಂದರೆ ಎಳೆಯ ಸಿರೆ ಎಂದಾದೀತು.) 1ರಿಂದ 3 ಮಿ.ಮೀ.ವರೆಗಿನ ನೀಲಿ ಜಾಲ ‘ಬಲೆಸಿರೆ’. 3 ಮಿ.ಮೀ. ಅಥವಾ ಹೆಚ್ಚಿದ್ದು, ನಿಂತಾಗ ಉಬ್ಬಿ ಅಂಕುಡೊಂಕಾಗುವುದು ‘ಉಬ್ಬುಸಿರೆ’. ನಿಮ್ಮ ಪ್ರಶ್ನೆಯದು ಮೊದಲನೆಯದು.

ಕಾರಣ ಬರೆಯುವಾಗ ‘ರಕ್ತ ಕೆಟ್ಟು’ ಎಂಬ ಮಾತು ನುಸುಳದಿರಲಿ. ಸಿರೆಯೊಳಗಿನ ಕವಾಟಗಳು ರಕ್ತ ಕೆಳಗೆ ಜಾರದಂತೆ ತಡೆಯುತ್ತವೆ. ಅವು ಸಡಿಲಾದರೆ ಒತ್ತಡ ಏರಿ ಚರ್ಮದಡಿಯ ಕಿರುಸಿರೆಗಳು ಹಿಗ್ಗುತ್ತವೆ. ರಕ್ತವನ್ನು ಮೇಲೆ ತಳ್ಳುವ ಪಂಪು ಮೀನಖಂಡ. ಮೀನು ಮಾರುವವರಿಗೆ ಆ ಪದ ವಿವರಿಸಬೇಕಿಲ್ಲ! ನಿಂತಲ್ಲೇ ನಿಂತರೂ, ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುತ್ತ ಕೂತರೂ ಆ ಪಂಪು ಸುಮ್ಮನಿರುತ್ತದೆ. ಹಾಗಾಗಿ ಅರ್ಧ ಗಂಟೆಗೊಮ್ಮೆ ಹಿಮ್ಮಡಿ ಎತ್ತಿ ಇಳಿಸುವುದು, 15–20 ಸಲ. ನಾಲ್ಕು ಹೆಜ್ಜೆ ನಡೆಯುವುದು. ಸಂಜೆ ಮಲಗಿ ಕಾಲನ್ನು ಎದೆಗಿಂತ ಮೇಲಿಟ್ಟು 15 ನಿಮಿಷ.

ಕುಮಟೆಯಿಂದ ಒಂದು ತಿದ್ದುಪಡಿ:
ಕರಡಿನಲ್ಲಿರುವ ‘ತಡೆಗಟ್ಟುವುದು’ ಎಂಬ ಶೀರ್ಷಿಕೆ ತೆಗೆಯಿರಿ. ಮನೆತನದಿಂದ ಬಂದದ್ದನ್ನೂ ಬಸಿರಿನಲ್ಲಿ ಮೂಡಿದ್ದನ್ನೂ ಯಾರೂ ಪೂರ್ತಿ ತಡೆಯಲಾರರು. ‘ಹೆಚ್ಚದಂತೆ ನೋಡಿಕೊಳ್ಳುವುದು’ ಸಾಕು. ‘ಎಣ್ಣೆ ತಿಕ್ಕಿದರೆ ಮಾಯ’ ಎಂಬ ಸಾಲೂ ಹೋಗಲಿ, ಹಿಗ್ಗಿದ ಸಿರೆ ತಿಕ್ಕಿದರೆ ಕುಗ್ಗುವುದಿಲ್ಲ. ಗೆರೆ ಅಳಿಸಲೇಬೇಕೆಂದರೆ ಸಿರೆಯೊಳಗೆ ಔಷಧಿ ಚುಚ್ಚಿ ಅದನ್ನು ಮುಚ್ಚಿಸುವ ಚಿಕಿತ್ಸೆ ಇದೆ.

ಕಾಲನ್ನು ಒತ್ತಿ ರಕ್ತ ಮೇಲೇರಲು ನೆರವಾಗುವ ಚೀಲಕ್ಕೆ ಕರಡಿನಲ್ಲಿರುವ ‘ಸಂಕೋಚಕ ಕಾಲುಚೀಲ’ ಯಾರ ಬಾಯಿಗೂ ಬಾರದು. ‘ಬಿಗಿ ಕಾಲುಚೀಲ’ ಎನ್ನಿ. ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಹಾಕಬೇಕು, ಬಾವು ಬಂದ ಮೇಲೆ ಹತ್ತಿಸುವುದು ಕಷ್ಟ. ಕರಾವಳಿಯ ಬೆವರಿಗೆ ಜನ ಅದನ್ನು ಮಂಡಿಯ ಕೆಳಗೆ ಮಡಚುತ್ತಾರೆ. ಮಡಿಕೆ ದಾರ ಕಟ್ಟಿದಂತೆ ಬಿಗಿದು ಉಲ್ಟಾ ಕೆಲಸ ಮಾಡುತ್ತದೆ. ಧಮನಿಯಲ್ಲೇ ಅಡಚಣೆ ಇರುವವರಿಗೆ ಈ ಚೀಲವೇ ಅಪಾಯ, ವೈದ್ಯರನ್ನು ಕೇಳಿಯೇ ಕೊಳ್ಳಲಿ. ಒಂದೇ ಕಾಲು ಏಕಾಏಕಿ ಬಾತು ನೋಯುತ್ತಿದ್ದರೆ ಅದು ನೂಲುಸಿರೆಯ ಮಾತಲ್ಲ, ಒಳಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆ ಸಾಲನ್ನು ದಪ್ಪಕ್ಷರದಲ್ಲಿ, ‘ಅಂದೇ ಆಸ್ಪತ್ರೆಗೆ ಹೋಗಿ’ ಎಂದೇ ಅಚ್ಚು ಹಾಕಿಸಿ.